ತನಿಖಾಧಿಕಾರಿಯ ಬರವಣಿಗೆ: ಸಂದರ್ಶನದಲ್ಲಿ ಏನನ್ನು ಪರೀಕ್ಷಿಸಲಾಗುತ್ತದೆ?

ಅಪರಾಧ ತನಿಖೆಯ ಹುದ್ದೆಗಳ ಸಂದರ್ಶನದಲ್ಲಿ ಬರವಣಿಗೆಯ ಮಾತು ಬಂದಾಗ ಅಭ್ಯರ್ಥಿಗಳು ಕಾಲೇಜಿನ ಪ್ರಬಂಧ ಸ್ಪರ್ಧೆಯ ಬಹುಮಾನವನ್ನು ಉಲ್ಲೇಖಿಸುವುದುಂಟು. ಅದು ತಪ್ಪಲ್ಲ, ಆದರೆ ಪ್ರಶ್ನೆಗೆ ಉತ್ತರವೂ ಅಲ್ಲ. ಕಣ್ಣಾರೆ ಕಂಡದ್ದು, ಇತರರಿಂದ ಕೇಳಿದ್ದು, ತಾವೇ ಊಹಿಸಿದ್ದು, ಈ ಮೂರನ್ನೂ ಒಂದರೊಡನೊಂದು ಬೆರೆಸದೆ ಕಾಗದಕ್ಕೆ ಇಳಿಸಬಲ್ಲರೇ ಎಂಬುದನ್ನು ಸಂದರ್ಶಕರು ಅರಿಯಬಯಸುತ್ತಾರೆ.

ತನಿಖೆಯೆಂದರೆ ಬೆನ್ನಟ್ಟಿ ಹಿಡಿಯುವ ಸಾಹಸವೆಂಬ ಭಾವನೆಯನ್ನು ಚಲನಚಿತ್ರಗಳು ಬೆಳೆಸಿವೆ. ವಾಸ್ತವವಾಗಿ ಈ ಕೆಲಸದ ಪ್ರತಿ ಹಂತವೂ ಬರವಣಿಗೆಯಲ್ಲಿ ದಾಖಲಾಗಬೇಕು. 1973ರ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು 2024ರ ಜುಲೈ 1ರಿಂದ ಜಾರಿಗೆ ಬಂದಿದೆ. ಬಾಯಿಮಾತಿನ ದೂರನ್ನು ಬರೆದುಕೊಂಡು ದೂರುದಾರರಿಗೆ ಓದಿ ಹೇಳಬೇಕೆಂದು ಅದರ 173ನೆಯ ಕಲಂ ವಿಧಿಸುತ್ತದೆ. ತನಿಖೆಯನ್ನು ಎಷ್ಟು ಗಂಟೆಗೆ ಆರಂಭಿಸಲಾಯಿತು, ಯಾವ ಸ್ಥಳಗಳಿಗೆ ಭೇಟಿ ನೀಡಲಾಯಿತು, ಏನು ತಿಳಿದುಬಂದಿತು ಎಂಬುದನ್ನು ದಿನದಿನವೂ ದಿನಚರಿಯಲ್ಲಿ ನಮೂದಿಸಬೇಕೆಂಬುದು 192ನೆಯ ಕಲಮಿನ ನಿಯಮ. ಕೊನೆಗೆ 193ನೆಯ ಕಲಮಿನನ್ವಯ ನ್ಯಾಯಾಲಯಕ್ಕೆ ವರದಿ ಸಲ್ಲುತ್ತದೆ.

ಇವೆಲ್ಲಕ್ಕಿಂತ ಸೂಕ್ಷ್ಮವಾದುದು ಸಾಕ್ಷಿಗಳ ಹೇಳಿಕೆ. ಅದನ್ನು ಬರೆದುಕೊಳ್ಳುವುದಾದರೆ ಪ್ರತಿಯೊಬ್ಬರದನ್ನೂ ಪ್ರತ್ಯೇಕವಾಗಿ, ಯಥಾವತ್ತಾಗಿ ಬರೆಯಬೇಕು. ಅದಕ್ಕೆ ಸಾಕ್ಷಿಯ ಸಹಿ ಪಡೆಯುವಂತಿಲ್ಲ. ವಿಚಾರಣೆಯ ಕಾಲದಲ್ಲಿ ಸಾಕ್ಷಿಯು ನುಡಿದುದಕ್ಕೂ ಈ ಹೇಳಿಕೆಗೂ ಇರುವ ವಿರೋಧವನ್ನು ಪ್ರತಿವಾದಿ ವಕೀಲರು ಎತ್ತಿ ತೋರಿಸಬಹುದು. ಮುಖ್ಯ ಸಂಗತಿಯೊಂದು ಬಿಟ್ಟುಹೋಗಿದ್ದರೆ ಅದನ್ನೂ ವಿರೋಧವೆಂದು ಪರಿಗಣಿಸಲು ಅವಕಾಶವಿದೆ. ಆರೋಪಿಯ ಕೈಯಲ್ಲಿ ಮಚ್ಚು ಇತ್ತೆಂದು ಸಾಕ್ಷಿಯು ಹೇಳಿದ್ದರೂ ಅಧಿಕಾರಿಯು ಬರೆಯದೆ ಬಿಟ್ಟರೆನ್ನಿ. ವರ್ಷಗಳ ಬಳಿಕ ಅದೇ ಸಾಕ್ಷಿ ಕಟಕಟೆಯಲ್ಲಿ ನಿಂತು ಮಚ್ಚಿನ ಮಾತೆತ್ತಿದರೆ, ಅದು ಈಚೆಗೆ ಸೇರಿಸಿದ ಕಥೆ ಎಂಬ ವಾದ ಏಳುತ್ತದೆ. ನಿಜ ನುಡಿದವರೇ ಸುಳ್ಳುಗಾರರೆನಿಸುತ್ತಾರೆ. ಆಡದ ಮಾತನ್ನು ಸೇರಿಸಿದರಂತೂ ನಿರಪರಾಧಿಯೊಬ್ಬರು ಸೆರೆಮನೆ ಸೇರಬಹುದು.

ಆದುದರಿಂದ ‘ನನ್ನ ಬರವಣಿಗೆ ಚೆನ್ನಾಗಿದೆ’ ಎಂಬ ಮಾತಿಗೆ ಸಂದರ್ಶನದಲ್ಲಿ ಬೆಲೆಯಿಲ್ಲ. ಯಾವ ಕಾಗದವನ್ನು, ಯಾರಿಗಾಗಿ ಬರೆದಿರಿ, ಅದರಲ್ಲಿ ಯಾವ ಸಂಗತಿಯನ್ನು ಪರಿಶೀಲಿಸಿ ತಿದ್ದಿದಿರಿ ಎಂಬುದನ್ನು ಹೇಳುವುದು ಲೇಸು. ಬ್ಯಾಂಕಿನಲ್ಲಿ ದುಡಿದವರು ಲೆಕ್ಕದ ವ್ಯತ್ಯಾಸದ ಬಗ್ಗೆ ಸಲ್ಲಿಸಿದ ವರದಿಯೂ ಉತ್ತಮ ನಿದರ್ಶನವೇ. ಚಿಕ್ಕ ಘಟನೆಯೊಂದನ್ನು ವರ್ಣಿಸಲು ಹೇಳಿದರೆ ‘ಆತ ಕುಡಿದಿದ್ದನು’ ಎಂಬುದು ತೀರ್ಮಾನವಾಗುತ್ತದೆ. ‘ಬಾಯಿಂದ ಮದ್ಯದ ವಾಸನೆ ಬರುತ್ತಿತ್ತು, ನೆಟ್ಟಗೆ ನಿಲ್ಲಲಾರದೆ ಗೋಡೆಗೆ ಒರಗಿದ್ದನು’ ಎಂಬುದು ಕಂಡ ಸಂಗತಿ. ವಿಶೇಷಣಗಳನ್ನು ಕಡಿಮೆ ಮಾಡಿದಷ್ಟೂ ವರದಿ ಗಟ್ಟಿಯಾಗುತ್ತದೆ.

ಕೇಂದ್ರ ಸರ್ಕಾರದ ಬಿ ದರ್ಜೆಯ ಅರಾಜ್ಯಪತ್ರಿತ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನವನ್ನು ಕೈಬಿಡಲಾಗಿದೆ. ಕೇಂದ್ರೀಯ ತನಿಖಾ ದಳದ ಸಬ್ ಇನ್ಸ್‌ಪೆಕ್ಟರ್ ಹುದ್ದೆಯೂ ಇದರಲ್ಲಿ ಸೇರಿದೆ. ಭಾರತೀಯ ಪೊಲೀಸ್ ಸೇವೆಗೆ ದಾರಿಯಾದ ನಾಗರಿಕ ಸೇವಾ ಪರೀಕ್ಷೆಯಲ್ಲಿ 275 ಅಂಕಗಳ ಸಂದರ್ಶನ ಇಂದಿಗೂ ಉಂಟು. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ಸಂದರ್ಶನಕ್ಕೂ ಕನ್ನಡವನ್ನು ಆಯ್ದುಕೊಳ್ಳಬಹುದು.

ಮುಂಬಯಿ, ಹೈದರಾಬಾದು, ಚೆನ್ನೈಗಳಲ್ಲಿ ಬೆಳೆದ ಕನ್ನಡಿಗರಿಗೆ ಇಲ್ಲಿ ಒಂದು ಅನುಕೂಲವಿದೆ. ಮನೆಯಲ್ಲಿ ಒಂದು ನುಡಿ, ಬೀದಿಯಲ್ಲಿ ಇನ್ನೊಂದು ನುಡಿ ಆಡುವವರಿಗೆ ಅನುವಾದದ ಅಪಾಯ ಬಲು ಬೇಗ ತಿಳಿಯುತ್ತದೆ. ಸೊಲ್ಲಾಪುರದ ಸಾಕ್ಷಿ ಕನ್ನಡದಲ್ಲಿ ‘ನೂಕಿದ’ ಎಂದದ್ದು ಮರಾಠಿ ದಾಖಲೆಯಲ್ಲಿ ‘ಹೊಡೆದ’ ಎಂಬರ್ಥ ಪಡೆದರೆ ಅಪರಾಧದ ಸ್ವರೂಪವೇ ಬದಲಾದೀತು. ಇಂತಹ ಅನುಭವವಿದ್ದಲ್ಲಿ ಸಂಕೋಚವಿಲ್ಲದೆ ಹೇಳಬಹುದು.

ಶೋಧನೆ ಮತ್ತು ಜಪ್ತಿಯನ್ನು ಧ್ವನಿ–ದೃಶ್ಯ ಮಾಧ್ಯಮದಲ್ಲಿ ದಾಖಲಿಸುವುದನ್ನು ಹೊಸ ಸಂಹಿತೆಯ 105ನೆಯ ಕಲಂ ಕಡ್ಡಾಯಗೊಳಿಸಿದೆ. ಹಾಗಿರುವಾಗ ಬರವಣಿಗೆ ಏಕೆ ಎಂಬ ಪ್ರಶ್ನೆಯೂ ಎದುರಾಗಬಹುದು. ವಶಪಡಿಸಿಕೊಂಡ ವಸ್ತುಗಳ ಪಟ್ಟಿ ಸಿದ್ಧಪಡಿಸಿ ಸಾಕ್ಷಿಗಳ ಸಹಿ ಪಡೆಯುವ ನಿಯಮ ಹಾಗೆಯೇ ಉಳಿದಿದೆ. ಕಪಾಟಿನಲ್ಲಿ ಏನು ದೊರೆಯಿತೆಂಬುದನ್ನು ಚಿತ್ರ ತೋರಿಸುತ್ತದೆ. ಆ ಮನೆಯ ಬಾಗಿಲನ್ನೇ ಏಕೆ ತಟ್ಟಲಾಯಿತೆಂಬುದನ್ನು ಅಧಿಕಾರಿಯೇ ಬರೆದು ತಿಳಿಸಬೇಕಾಗುತ್ತದೆ.