ಮೇಳಗಳ ಒಡಕು ಮತ್ತು ಉಳಿವು

'ಮೇಳ' ಎಂಬ ಮಾತಿಗೆ ಕೂಡುವಿಕೆ, ಹೊಂದಿಕೆ ಎಂಬ ಅರ್ಥಗಳಿವೆ. ಹಾಡುವವರ, ಬಾರಿಸುವವರ, ಕುಣಿಯುವವರ ಗುಂಪಿಗೆ ಈ ಹೆಸರು ಬಂದುದು ಅನ್ವರ್ಥಕವೇ ಆಗಿದೆ. ಶ್ರುತಿ ಕೂಡಿ, ತಾಳ ಕೂಡಿ, ಅವೆರಡಕ್ಕೂ ಮಿಗಿಲಾಗಿ ಮನಸ್ಸು ಕೂಡಿದಾಗ ಮಾತ್ರ ಮೇಳವು ಮೇಳವೆನಿಸಿಕೊಳ್ಳುತ್ತದೆ. ಚಿತ್ರದುರ್ಗ ಸೀಮೆಯಲ್ಲಿ ಇಂತಹ ಮೇಳಗಳಿಗೆ ಎಂದೂ ಬರವಿರಲಿಲ್ಲ. ಹಿರಿಯೂರಿನ ತೇರುಮಲ್ಲೇಶ್ವರ ಸ್ವಾಮಿಯ ರಥೋತ್ಸವದಲ್ಲಾಗಲಿ, ಹೊಸದುರ್ಗ ಹೊಳಲ್ಕೆರೆ ತಾಲೂಕುಗಳ ಊರಹಬ್ಬಗಳಲ್ಲಾಗಲಿ, ವೀರಗಾಸೆ, ನಂದಿಕೋಲು, ಡೊಳ್ಳು, ಕೋಲಾಟ, ಭಜನೆಗಳಿಲ್ಲದೆ ಉತ್ಸವವು ಮುಂದೆ ಸಾಗುವುದಿಲ್ಲ.

ಇಂತಹ ಮೇಳಗಳಲ್ಲಿ ಹಲವು ಕೆಲವೇ ವರ್ಷ ಮೆರೆದು ಮೌನವಾಗುತ್ತವೆ. ಕಾರಣವನ್ನು ಅರಸಿದರೆ ಕಂಠದ ಕೊರತೆಯಾಗಲಿ, ಕಲಿಕೆಯ ಕೊರತೆಯಾಗಲಿ ಕಾಣುವುದು ಅಪರೂಪ. ಒಳಗಿನ ಮನಸ್ತಾಪವೇ ಬಹುತೇಕ ಕಡೆ ಮೂಲ. ಒಬ್ಬರು ಮುನಿದು ಹೊರಟರು, ಅವರೊಡನೆ ಇಬ್ಬರು ಹೋದರು, ಉಳಿದವರಿಗೆ ಉತ್ಸಾಹ ಉಳಿಯಲಿಲ್ಲ. ಪೆಟ್ಟಿಗೆ ಸೇರಿದ ಹಾರ್ಮೋನಿಯಂ ಮತ್ತೆ ಹೊರಬರಲಿಲ್ಲ. ಒಂದು ಮೇಳ ಮುರಿದರೆ ಮುರಿಯುವುದು ಅದೊಂದೇ ಅಲ್ಲ. ಬಾಯಿಂದ ಬಾಯಿಗೆ ಬಂದ ಪದಗಳೂ ಮಟ್ಟುಗಳೂ ಅದರೊಡನೆ ಮರೆಯಾಗುತ್ತವೆ. ಆದುದರಿಂದ ಈ ಒಡಕಿನ ಸ್ವರೂಪವನ್ನೂ, ಅದನ್ನು ಹಿಂದಿನವರೂ ಇಂದಿನವರೂ ನಿವಾರಿಸಿಕೊಂಡ ಬಗೆಯನ್ನೂ ವಿಚಾರಿಸುವುದು ಅಪ್ರಸ್ತುತವಲ್ಲ.

ಒಡಕಿನ ಮೂಲಗಳು

ಮೇಳದೊಳಗಿನ ಜಗಳಗಳಿಗೆ ಸಾಮಾನ್ಯವಾಗಿ ನಾಲ್ಕು ಮೂಲಗಳು. ಮೊದಲನೆಯದು ಸ್ಥಾನ: ಮುಮ್ಮೇಳದಲ್ಲಿ ಹಾಡುವವರು ಯಾರು, ಹಿಮ್ಮೇಳದಲ್ಲಿ ನಿಲ್ಲುವವರು ಯಾರು ಎಂಬುದು. ಎರಡನೆಯದು ಹಣ: ಜಾತ್ರೆಯಲ್ಲಿ ಬಂದ ಸಂಭಾವನೆಯನ್ನು ಹಂಚುವ ಬಗೆ. ಮೂರನೆಯದು ವಾದ್ಯಗಳ ಒಡೆತನ. ಹಾರ್ಮೋನಿಯಂ ಒಬ್ಬರ ಮನೆಯದು, ತಬಲಾ ಇನ್ನೊಬ್ಬರದು ಆಗಿದ್ದರೆ, ವಾದ್ಯದ ಒಡೆಯನು ಮುನಿದ ದಿನ ಮೇಳದ ಬಾಯಿ ಕಟ್ಟಿದಂತೆಯೇ ಸರಿ. ನಾಲ್ಕನೆಯದು ಮಾತು. ಹತ್ತು ಜನರ ಮುಂದೆ ಆಡಿದ ಒಂದು ಹಗುರ ಮಾತು ಹಣದ ಜಗಳಕ್ಕಿಂತ ಆಳವಾದ ಗಾಯ ಮಾಡುತ್ತದೆ.

ಒಬ್ಬರ ಅಗಲಿಕೆಯು ಮೇಳವನ್ನು ಏಕೆ ಇಷ್ಟು ಅಲುಗಾಡಿಸುತ್ತದೆ ಎಂಬುದಕ್ಕೆ ಕಲೆಯೊಳಗಿನ ಕಾರಣಗಳೂ ಇವೆ. ಭಜನೆಯ ಮುಖ್ಯ ಗಾಯಕನು ಹಾರ್ಮೋನಿಯಂನ ಕರಿ ಒಂದರಲ್ಲಿ ಹಾಡುವವನಾಗಿದ್ದು, ಅವನ ಸ್ಥಾನಕ್ಕೆ ಬಂದವನ ಕಂಠ ಬಿಳಿ ನಾಲ್ಕಕ್ಕೆ ಹೊಂದುವುದಾದರೆ, ಬದಲಾಗುವುದು ಗಾಯಕ ಮಾತ್ರವಲ್ಲ, ಇಡೀ ಮೇಳದ ಶ್ರುತಿ. ಒಂದು ಶ್ರುತಿಗೆ ಮಾಡಿದ ತಬಲಾವನ್ನು ಸುತ್ತಿಗೆಯಿಂದ ಸ್ವಲ್ಪ ಏರಿಸಬಹುದು, ಇಳಿಸಬಹುದು. ಅಷ್ಟು ದೂರಕ್ಕೆ ಎಳೆದರೆ ಚರ್ಮ ತಡೆಯುವುದಿಲ್ಲ, ಬೇರೆ ತಬಲಾವೇ ಬೇಕಾಗುತ್ತದೆ. ದನಿಗೂಡಿಸುವವರೂ ಹೊಸ ಎತ್ತರಕ್ಕೆ ಕಂಠವನ್ನು ಪಳಗಿಸಬೇಕಾಗುತ್ತದೆ. ವೀರಗಾಸೆಯಲ್ಲಿ ಕುಣಿಯುವವರು ಸಾಮಾನ್ಯವಾಗಿ ಸಮಸಂಖ್ಯೆಯಲ್ಲಿ ಎದುರುಬದುರಾಗಿ ನಿಲ್ಲುವುದು ರೂಢಿ. ಒಬ್ಬನು ತಪ್ಪಿದರೆ ಅವನ ಜೋಡಿಗೆ ಎದುರಾಳಿಯಿಲ್ಲ. ಒಡಪು ಹೇಳುವವನೇ ಹೊರಟುಹೋದರಂತೂ ಕರಡೆ, ಚಮಾಳಗಳ ಗತಿಯನ್ನು ನಿಲ್ಲಿಸಿ ಮತ್ತೆ ಎತ್ತಿಕೊಡುವವರೇ ಇಲ್ಲದಂತಾಗುತ್ತದೆ.

ಕಿನ್ನರಿ ಬ್ರಹ್ಮಯ್ಯನ ಪ್ರಸಂಗ

ಕಲಾವಿದನು ಮುನಿದು ಹೊರಡುವುದು ಹೊಸ ಸಂಗತಿಯೇನಲ್ಲ. ಹನ್ನೆರಡನೆಯ ಶತಮಾನದ ಶರಣ ಸಮೂಹದಲ್ಲಿ ಕಲೆಯೇ ಕಾಯಕವಾಗಿದ್ದ ಹಲವರಿದ್ದರು. ಢಕ್ಕೆಯ ಬೊಮ್ಮಣ್ಣ, ಬಹುರೂಪಿ ಚೌಡಯ್ಯ, ಕಿನ್ನರಿ ಬ್ರಹ್ಮಯ್ಯ ಮೊದಲಾದವರ ಹೆಸರುಗಳೇ ಅವರ ಕಾಯಕವನ್ನು ಸಾರುತ್ತವೆ. ಇವರಲ್ಲಿ ಕಿನ್ನರಿ ಬ್ರಹ್ಮಯ್ಯನನ್ನು ಕುರಿತ ಒಂದು ಕಥೆ ಬಸವಪುರಾಣದ ಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ಹೇಳಿದ ಪುರಾಣವನ್ನು ಭೀಮಕವಿಯು ೧೩೬೯ರಲ್ಲಿ ಕನ್ನಡಕ್ಕೆ ತಂದನು.

ಬ್ರಹ್ಮಯ್ಯನಿಗೆ ಉಳ್ಳಿಯೆಂದರೆ, ಅರ್ಥಾತ್ ಈರುಳ್ಳಿಯೆಂದರೆ, ಪ್ರಿಯ. ಅದನ್ನು ಕಂಡು ಬಸವಣ್ಣನವರು ಹೀನೈಸಿ ಒಂದು ಮಾತನಾಡಿದರು. ಆ ಮಾತು ಬ್ರಹ್ಮಯ್ಯನ ಮನಸ್ಸನ್ನು ನೋಯಿಸಿತು. ಅವನು ಮುನಿದು ಹೊರಟುಹೋದನು. ಆಗ ಬಸವಣ್ಣನವರು, ಹೋದವರು ಹೋಗಲಿ ಎನ್ನಲಿಲ್ಲ, ಕ್ಷುಲ್ಲಕ ವಿಷಯಕ್ಕೆ ಇಷ್ಟು ಕೋಪವೇ ಎಂದು ತರ್ಕಿಸಲೂ ಇಲ್ಲ. ತಾವು ಯಾವ ವಸ್ತುವನ್ನು ಹೀಗಳೆದಿದ್ದರೋ ಅದೇ ಉಳ್ಳಿಗೆ ಗೌರವದ ಉತ್ಸವವನ್ನು ಮಾಡಿ, ಶರಣರೊಡನೆ ತಾವೇ ಎದುರುಹೋಗಿ, ಬ್ರಹ್ಮಯ್ಯನನ್ನು ಒಲಿಸಿ ಕರೆತಂದರು.

ಪುರಾಣದ ಅತಿಶಯವನ್ನು ಬದಿಗಿಟ್ಟು ನೋಡಿದರೂ ಈ ಪ್ರಸಂಗದಲ್ಲಿ ಮೂರು ತತ್ತ್ವಗಳು ಅಡಗಿವೆ. ಜಗಳದ ಕಾರಣ ಸಣ್ಣದಾದರೂ ನೋವು ಸಣ್ಣದಾಗಿರಬೇಕೆಂಬ ನಿಯಮವಿಲ್ಲ. ಎರಡನೆಯದಾಗಿ, ಮೊದಲ ಹೆಜ್ಜೆಯನ್ನು ಇಡಬೇಕಾದವರು ಹಿರಿಯ ಸ್ಥಾನದಲ್ಲಿರುವವರು. ಮೂರನೆಯದಾಗಿ, ಬಹಿರಂಗದಲ್ಲಿ ಆಡಿದ ಮಾತನ್ನು ಏಕಾಂತದಲ್ಲಿ ಹಿಂತೆಗೆದುಕೊಂಡರೆ ಸಾಲದು. ಎಲ್ಲಿ ಗೌರವ ಕಳೆಯಿತೋ ಅಲ್ಲಿಯೇ ಅದು ಮರಳಿ ಸಲ್ಲಬೇಕು. ಇಂದಿನ ಯಾವ ಭಜನಾ ಸಂಘಕ್ಕಾದರೂ ಈ ಮೂರು ಮಾತುಗಳು ಅನ್ವಯಿಸುತ್ತವೆ.

ಹಳ್ಳಿಯ ರಂಗಭೂಮಿ ಕಂಡುಕೊಂಡ ಉಪಾಯ

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕವಾಡುವ ಪದ್ಧತಿ ಇಂದಿಗೂ ಜೀವಂತವಾಗಿದೆ. ಕುರುಕ್ಷೇತ್ರ ನಾಟಕದಲ್ಲಿ ಕೃಷ್ಣನ ಪಾತ್ರಕ್ಕೂ ದುರ್ಯೋಧನನ ಪಾತ್ರಕ್ಕೂ ಇರುವಷ್ಟು ಪೈಪೋಟಿ ಬೇರಾವುದಕ್ಕೂ ಇಲ್ಲ. ಹಾರ್ಮೋನಿಯಂ ಮೇಷ್ಟರ ಸಂಬಳಕ್ಕೂ ಸೀನರಿಯ ಬಾಡಿಗೆಗೂ ಪಾತ್ರಧಾರಿಗಳೇ ಹಣ ಹಾಕುವುದರಿಂದ, ಹಣ ಹಾಕಿದವನಿಗೆ ಒಳ್ಳೆಯ ಪಾತ್ರ ಸಿಗಲಿಲ್ಲವೆಂದರೆ ಜಗಳ ಖಂಡಿತ. ಇದಕ್ಕೆ ಹಳ್ಳಿಗರು ಕಂಡುಕೊಂಡ ಉಪಾಯ ಸರಳವಾದುದು. ಒಂದೇ ಪಾತ್ರವನ್ನು ರಾತ್ರಿಯ ಬೇರೆ ಬೇರೆ ಭಾಗಗಳಿಗೆ ಹಂಚಿ, ಒಂದನೆಯ ಕೃಷ್ಣ, ಎರಡನೆಯ ಕೃಷ್ಣ ಎಂದು ಇಬ್ಬರಿಗೋ ಮೂವರಿಗೋ ಕೊಟ್ಟುಬಿಡುವುದು! ಕಿರೀಟ ಒಂದೇ, ಧರಿಸುವ ತಲೆಗಳು ಬೇರೆ. ವಿಮರ್ಶಕರು ಇದನ್ನು ಕಂಡು ನಗಬಹುದು. ಆದರೆ ಪಾತ್ರವು ಊರಿನ ಸ್ವತ್ತೇ ಹೊರತು ಒಬ್ಬನ ಸ್ವತ್ತಲ್ಲ ಎಂಬ ಅರಿವು ಇದರ ತಳದಲ್ಲಿದೆ. ಒಬ್ಬನಿಗೆ ಜ್ವರ ಬಂದರೂ ನಾಟಕ ನಿಲ್ಲದು ಎಂಬುದು ಇದರ ಇನ್ನೊಂದು ಲಾಭ.

ವೃತ್ತಿ ಕಂಪನಿಗಳ ಪಾಠ

ವೃತ್ತಿ ನಾಟಕ ಕಂಪನಿಗಳ ಮಾರ್ಗ ಬೇರೆಯಾಗಿತ್ತು. ೧೮೮೪ರಲ್ಲಿ ಸ್ಥಾಪಿತವಾದ ಗುಬ್ಬಿಯ ಚನ್ನಬಸವೇಶ್ವರ ನಾಟಕ ಕಂಪನಿಯು ೧೯೧೭ರಲ್ಲಿ ಗುಬ್ಬಿ ವೀರಣ್ಣನವರ ಒಡೆತನಕ್ಕೆ ಬಂದ ಮೇಲೆ ನಾಡಿನಲ್ಲೆಲ್ಲ ಹೆಸರಾಯಿತು. ಅಲ್ಲಿ ಒಬ್ಬ ಯಜಮಾನರಿದ್ದರು, ಅವರ ಮಾತೇ ಕೊನೆಯದು. ಅಂತಹ ಏರ್ಪಾಡಿನಲ್ಲಿ ಶಿಸ್ತು ಸುಲಭ. ಆದರೆ ಯಜಮಾನನ ಬಲವೇ ಕಂಪನಿಯ ಬಲವಾಗಿ, ಅವನ ಇಳಿಗಾಲವೇ ಕಂಪನಿಯ ಇಳಿಗಾಲವಾಗುವ ಅಪಾಯವೂ ಅಲ್ಲಿದೆ.

ಇದಕ್ಕೆ ಭಿನ್ನವಾಗಿ ಸಮಾನರು ಕೂಡಿ ಕಟ್ಟಿದ ತಂಡಕ್ಕೆ ಕನ್ನಡ ಚಲನಚಿತ್ರ ಕಲಾವಿದರ ಸಂಘವು ಉದಾಹರಣೆ. ವೃತ್ತಿರಂಗಭೂಮಿಯಿಂದ ಬಂದ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ. ವಿ. ಅಯ್ಯರ್ ಈ ನಾಲ್ವರು ಚಿತ್ರರಂಗದಲ್ಲಿ ಕೆಲಸ ವಿರಳವಾಗಿದ್ದ ಕಾಲದಲ್ಲಿ ಒಟ್ಟುಗೂಡಿ, ಊರೂರಿನಲ್ಲಿ ನಾಟಕಗಳನ್ನಾಡಿದರು. ೧೯೬೦ರಲ್ಲಿ 'ರಣಧೀರ ಕಂಠೀರವ' ಚಿತ್ರವನ್ನು ಸಂಘದ ಹೆಸರಿನಲ್ಲಿಯೇ ನಿರ್ಮಿಸಿದರು. ಆಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ಹಾದಿ ಹಿಡಿದರು. ರಾಜಕುಮಾರ್ ನಾಯಕನಟರಾಗಿ ಬೆಳೆದರು. ಅಯ್ಯರ್ ಅವರು ನಿರ್ದೇಶಕರಾಗಿ, ೧೯೭೫ರಲ್ಲಿ ತ. ರಾ. ಸುಬ್ಬರಾಯರ ಕಾದಂಬರಿಯನ್ನು ಆಧರಿಸಿದ 'ಹಂಸಗೀತೆ'ಯನ್ನು ತೆರೆಗೆ ತಂದರು. ಅದು ಚಿತ್ರದುರ್ಗದ ಸಂಗೀತಗಾರನೊಬ್ಬನ ಕಥೆಯಾದುದರಿಂದ ಈ ಸೀಮೆಯವರಿಗೆ ವಿಶೇಷ ಅಭಿಮಾನದ ವಿಷಯ. ತಂಡವು ಚದುರಿದುದೆಲ್ಲವೂ ನಾಶವಲ್ಲ, ಒಂದು ಉದ್ದೇಶಕ್ಕಾಗಿ ಕೂಡಿದವರು ಅದು ನೆರವೇರಿದ ಮೇಲೆ ಬೇರೆ ಬೇರೆಯಾಗಿ ಫಲ ಕೊಡಬಲ್ಲರು ಎಂಬುದನ್ನು ಈ ದೃಷ್ಟಾಂತ ತಿಳಿಸುತ್ತದೆ.

ಸಾಣೇಹಳ್ಳಿಯ ಪ್ರಯೋಗ

ಸದಸ್ಯರ ಬದಲಾವಣೆಯನ್ನು ವಿಪತ್ತೆಂದು ಭಾವಿಸದೆ ನಿಯಮವನ್ನಾಗಿಯೇ ಮಾಡಿಕೊಂಡ ತಂಡವೊಂದು ಇದೇ ಜಿಲ್ಲೆಯಲ್ಲಿದೆ. ಸಿರಿಗೆರೆಯ ಪೂಜ್ಯ ಶ್ರೀ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳವರು ವಿದ್ಯಾಸಂಸ್ಥೆಗಳನ್ನು ಕಟ್ಟಿದುದರ ಜೊತೆಗೆ, ಶರಣರ ಜೀವನವನ್ನು ಕುರಿತ ನಾಟಕಗಳನ್ನು ತಾವೇ ರಚಿಸಿ ರಂಗಭೂಮಿಯನ್ನು ಜನಶಿಕ್ಷಣದ ಸಾಧನವಾಗಿ ಬಳಸಿದರು. ಅವರ ಹೆಸರಿನಲ್ಲಿ ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯಲ್ಲಿ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳವರು ೧೯೮೭ರಲ್ಲಿ ಶ್ರೀ ಶಿವಕುಮಾರ ಕಲಾಸಂಘವನ್ನೂ, ೧೯೯೭ರಲ್ಲಿ ಶಿವಸಂಚಾರವೆಂಬ ರೆಪರ್ಟರಿಯನ್ನೂ ಆರಂಭಿಸಿದರು. ಇದಕ್ಕೆ ಹನ್ನೆರಡು ವರ್ಷ ಮೊದಲೇ, ೧೯೮೫ರಲ್ಲಿ, ಹೆಗ್ಗೋಡಿನ ನೀನಾಸಂ ಸಂಸ್ಥೆಯು ತಿರುಗಾಟವೆಂಬ ಸಂಚಾರಿ ತಂಡವನ್ನು ಹೊರಡಿಸಿತ್ತು.

ಶಿವಸಂಚಾರದ ಕ್ರಮ ಹೀಗಿದೆ. ವರ್ಷವರ್ಷವೂ ಕಲಾವಿದರನ್ನು ಆರಿಸಿಕೊಂಡು, ಸಾಣೇಹಳ್ಳಿಯಲ್ಲಿಯೇ ಇರಿಸಿ, ನಿರ್ದೇಶಕರಿಂದ ಮೂರು ನಾಟಕಗಳನ್ನು ಕಲಿಸಲಾಗುತ್ತದೆ. ನವೆಂಬರಿನ ನಾಟಕೋತ್ಸವದಲ್ಲಿ ಅವು ಪ್ರದರ್ಶಿತವಾಗುತ್ತವೆ. ಬಳಿಕ ತಂಡವು ನಾಡಿನ ಸಂಚಾರಕ್ಕೆ ಹೊರಡುತ್ತದೆ. ಸಂಚಾರ ಮುಗಿದ ಮೇಲೆ ಕೆಲವರು ಉಳಿಯುತ್ತಾರೆ, ಹಲವರು ಹೊರಡುತ್ತಾರೆ, ಹೊಸಬರು ಬರುತ್ತಾರೆ. ಮರುವರ್ಷ ಮತ್ತೆ ಮೊದಲಿನಿಂದ ಆರಂಭ.

ಈ ಕ್ರಮಕ್ಕೆ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಮರೆಮಾಚಬೇಕಾಗಿಲ್ಲ. ನುರಿತ ನಟನು ಕೈಗೆ ಬಂದ ಹೊತ್ತಿಗೆ ಹೊರಡುತ್ತಾನೆ. ಉಚ್ಚಾರಣೆಯಿಂದ ತೊಡಗಿ ಎಲ್ಲವನ್ನೂ ಮತ್ತೆ ಕಲಿಸಬೇಕು. ಆದರೆ ಪಡೆದ ಲಾಭ ಅದಕ್ಕಿಂತ ದೊಡ್ಡದು. ತಂಡದ ಹೆಸರು ಯಾವ ಒಬ್ಬ ನಟನಿಗೂ ಅಂಟಿಕೊಂಡಿಲ್ಲ. ಹೊರಡುವ ದಿನ ಮೊದಲೇ ತಿಳಿದಿರುವುದರಿಂದ ಹೊರಡುವುದು ಮುನಿಸಿನ ಚಿಹ್ನೆಯೆನಿಸುವುದಿಲ್ಲ. ಹೊರಟವರು ಕಲೆಯನ್ನು ತಮ್ಮ ಊರಿಗೆ ಒಯ್ಯುತ್ತಾರೆ. ೨೦೦೮ರಲ್ಲಿ ಅಲ್ಲಿಯೇ ರಂಗಪ್ರಯೋಗಶಾಲೆಯು ಆರಂಭವಾಗಿ, ಕಲಿತವರನ್ನು ಸಿದ್ಧಪಡಿಸುವ ನೆಲೆಯೂ ದೊರೆಯಿತು.

ಶಾಲೆಯ ಮೇಳ, ಊರಿನ ಮೇಳ

ವಿಚಾರಿಸಿದರೆ ಶಾಲೆಯ ವಚನಗಾಯನ ಮೇಳವೂ ಬ್ಯಾಂಡ್ ತಂಡವೂ ಇದೇ ಬಗೆಯವು. ಹತ್ತನೆಯ ತರಗತಿ ಮುಗಿಸಿದವರು ಪ್ರತಿವರ್ಷವೂ ಹೊರಡಲೇಬೇಕು. ಇದರೊಡನೆ ಇನ್ನೊಂದು ಸೂಕ್ಷ್ಮ ಸಂಗತಿಯುಂಟು. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಹುಡುಗರ ಕಂಠ ಒಡೆಯುತ್ತದೆ. ಹಿಂದಿನ ವರ್ಷ ಪ್ರಾರ್ಥನೆಯಲ್ಲಿ ಮುಂದೆ ನಿಂತು ಹಾಡಿದ ಬಾಲಕನು ಈ ವರ್ಷ ತಾರಸ್ಥಾಯಿಯನ್ನು ಮುಟ್ಟಲಾರನು. ಅವನನ್ನು ಏನೂ ಹೇಳದೆ ಹಿಂದಿನ ಸಾಲಿಗೆ ನೂಕಿದರೆ ಅವನು ಸಂಗೀತವನ್ನೇ ತೊರೆದಾನು. ಇದು ದೇಹಧರ್ಮ, ನಿನ್ನ ದೋಷವಲ್ಲ ಎಂದು ತಿಳಿಸಿ, ತಾಳವನ್ನೋ ಹಾರ್ಮೋನಿಯಂ ಅನ್ನೋ ಕೈಗಿತ್ತು, ಅವನ ಸ್ಥಾನಕ್ಕೆ ಬಂದ ಕಿರಿಯನಿಗೆ ಪದಗಳನ್ನು ಕಲಿಸುವ ಹೊಣೆಯನ್ನು ಅವನಿಗೇ ವಹಿಸಿದರೆ, ಅಸೂಯೆಗೆ ಎಡೆಯಿರುವಲ್ಲಿ ಗುರುಭಾವ ಮೂಡುತ್ತದೆ. ಅಧ್ಯಾಪಕರ ಒಂದು ಮಾತು ಇಲ್ಲಿ ಒಬ್ಬ ಕಲಾವಿದನನ್ನು ಉಳಿಸಬಲ್ಲದು.

ಮೇಲಿನ ದೃಷ್ಟಾಂತಗಳಿಂದ ಊರಿನ ಮೇಳಗಳಿಗೂ ಕೆಲವು ನಿಯಮಗಳು ಹೊರಡುತ್ತವೆ. ವಾದ್ಯಗಳು ಸಂಘದ ಹೆಸರಿನಲ್ಲಿರಬೇಕು, ವ್ಯಕ್ತಿಯ ಮನೆಯಲ್ಲಲ್ಲ, ಮಠದಲ್ಲೋ ದೇವಸ್ಥಾನದಲ್ಲೋ ಶಾಲೆಯಲ್ಲೋ ಇರಬೇಕು. ಬಂದ ಸಂಭಾವನೆಯ ಲೆಕ್ಕವನ್ನು ಪ್ರತಿ ಉತ್ಸವದ ಮರುದಿನವೇ ಎಲ್ಲರ ಮುಂದೆ ಓದಬೇಕು. ಪ್ರತಿಯೊಂದು ಸ್ಥಾನಕ್ಕೂ ಕಲಿಯುತ್ತಿರುವ ಎರಡನೆಯವನೊಬ್ಬನಿರಬೇಕು, ಅವನಿಗೆ ವರ್ಷಕ್ಕೆ ಒಂದೆರಡು ಬಾರಿಯಾದರೂ ಸಭೆಯಲ್ಲಿ ಅವಕಾಶ ಸಲ್ಲಬೇಕು. ಪದಗಳೂ ಮಟ್ಟುಗಳೂ ಒಬ್ಬರ ನೆನಪಿನಲ್ಲಷ್ಟೇ ಉಳಿಯದೆ ಸಂಘದ ಪುಸ್ತಕದಲ್ಲಿ ಬರೆದಿರಬೇಕು. ಬಿಟ್ಟುಹೋಗುವವರನ್ನು ಶಾಲು ಹೊದಿಸಿ ಕಳುಹಿಸಬೇಕು. ಮುನಿದು ಹೋದವರಿಗಂತೂ ಹಿಂದಿರುಗುವ ಬಾಗಿಲು ತೆರೆದಿರಬೇಕು.

ಇಷ್ಟಾದರೂ ಜಗಳಗಳು ಬಾರದೆ ಇರವು. ಬಂದಾಗ ಇಬ್ಬರೂ ಗೌರವಿಸುವ ಮೂರನೆಯವರ ಮುಂದೆ, ಇಬ್ಬರೂ ಎದುರಿಗೆ ಇರುವಾಗಲೇ ಮಾತಾಗಬೇಕು. ಸಿರಿಗೆರೆಯಲ್ಲಿ ಸೋಮವಾರಗಳಂದು ನಡೆದುಬಂದಿರುವ ಸದ್ಧರ್ಮ ನ್ಯಾಯಪೀಠದ ಹಿರಿಮೆ ಇರುವುದು ಇಲ್ಲಿಯೇ. ಹೊಲದ ಬದುವಿನ ತಕರಾರಿಗೆ, ಅಣ್ಣತಮ್ಮಂದಿರ ಪಾಲಿನ ತಕರಾರಿಗೆ ಅನ್ವಯಿಸುವ ಈ ಕ್ರಮವು ಮೇಳದ ತಕರಾರಿಗೂ ಅನ್ವಯಿಸುತ್ತದೆ. ಬೆನ್ನ ಹಿಂದೆ ಹತ್ತು ಬಾಯಿಗಳಲ್ಲಿ ಬೆಳೆಯುವ ಮಾತು ಮುಖಾಮುಖಿಯಾದಾಗ ಅರ್ಧಕ್ಕೆ ಇಳಿಯುತ್ತದೆ.

ದಾನಿಗಳು ಮೇಳಗಳಿಗೆ ವಾದ್ಯಗಳನ್ನು ಕೊಡಿಸುವುದು ಸ್ತುತ್ಯವಾದ ಕಾರ್ಯ. ಅದರೊಡನೆ ಎರಡನೆಯ ಸಾಲಿನ ಕಿರಿಯರ ಕಲಿಕೆಗೂ ಕಲಿಸುವ ಗುರುಗಳ ಗೌರವಧನಕ್ಕೂ ಸ್ವಲ್ಪ ಮೀಸಲಿಟ್ಟರೆ ಆ ದಾನವು ಒಂದು ತಲೆಮಾರನ್ನು ದಾಟಿ ನಿಲ್ಲುತ್ತದೆ. ಹಾಡುವವರು ಬದಲಾಗುವುದು ಪ್ರಕೃತಿಯ ನಿಯಮ. ಹಾಡು ನಿಲ್ಲದಂತೆ ನೋಡಿಕೊಳ್ಳುವುದು ಮಾತ್ರ ಮನುಷ್ಯರ ಹೊಣೆ.