ಗೂಟವೂ ಗಡಿಯೂ

ವಿಜಯಪುರ ಜಿಲ್ಲೆಯ ತಿಕೋಟಾ ತಾಲೂಕಿನ ಘೋಣಸಗಿಯಂಥ ಗ್ರಾಮಗಳಲ್ಲಿ ಹೊಲದ ಬದುವಿನ ಬೆಲೆಯು ಈಗ ಹಿಂದಿನಂತೆ ಉಳಿದಿಲ್ಲ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಸೀಮೆಯತ್ತ ಹರಿದಂದಿನಿಂದ, ಮಳೆಯನ್ನೇ ನಂಬಿದ್ದ ನೆಲದ ಒಂದೊಂದು ಗುಂಟೆಯೂ ಅಮೂಲ್ಯವಾಗಿರುತ್ತದೆ. ನೆಲದ ಬೆಲೆ ಏರಿದಲ್ಲಿ ಗಡಿಯ ಜಗಳವೂ ಏರುವದು ಲೋಕರೂಢಿ. ಆದುದರಿಂದ ಗಡಿಯ ಗೂಟವನ್ನು ಹೇಗೆ ನೆಡುತ್ತಾರೆಂಬುದನ್ನು ಪ್ರತಿಯೊಬ್ಬ ರೈತನೂ ಅರಿತಿರುವದು ಅವಶ್ಯ.

ಮುಂಬಯಿ ಪ್ರಾಂತದ ಹೊಲಗಳ ಅಳತೆಯ ಪದ್ಧತಿಯು 1836ರ ಸುಮಾರಿಗೆ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳಿಂದ ರೂಪುಗೊಂಡು, ತರುವಾಯ ನಮ್ಮ ಸೀಮೆಗೂ ಬಂದಿತು. ಅವರ ಸರಪಳಿಯ ಉದ್ದ 33 ಅಡಿ. ಅದಕ್ಕೆ 16 ಆಣೆಗಳು. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿಯಾದರೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಪರಕೀಯ ಸರಕಾರವು ಕಂದಾಯದ ಲೋಭದಿಂದ ನಡಿಸಿದ ಕಾರ್ಯವಿದು. ಆದರೂ ಅಂದು ಹೂಳಿದ ಬಾಂದಕಲ್ಲುಗಳೇ ಇಂದು ಬಡ ರೈತನ ಹಕ್ಕಿಗೆ ಸಾಕ್ಷಿಯಾಗಿ ನಿಂತಿವೆ.

ಈಗ ಸರಪಳಿಯ ಸ್ಥಾನಕ್ಕೆ ಟೋಟಲ್ ಸ್ಟೇಶನ್ ಮತ್ತು ರೋವರ್ ಬಂದಿವೆ. ಭೂಮಾಪಕನು ಗೊತ್ತಿರುವ ಒಂದು ಕಲ್ಲಿನ ಮೇಲೆ ಮುಕ್ಕಾಲಿಯನ್ನು ಊರಿ ಯಂತ್ರವನ್ನು ಸಮತಟ್ಟು ಮಾಡುತ್ತಾನೆ. ಗೊತ್ತಿರುವ ಇನ್ನೊಂದು ಕಲ್ಲಿನತ್ತ ನೋಡಿ ದಿಕ್ಕನ್ನು ಕಟ್ಟುತ್ತಾನೆ. ಬಳಿಕ, ನೆಡಬೇಕಾದ ಬಿಂದುವಿನ ಕೋನವನ್ನೂ ದೂರವನ್ನೂ ಯಂತ್ರವೇ ಗಣಿಸಿ ಹೇಳುವದು. ಪ್ರಿಸಂ ಕಟ್ಟಿದ ಕೋಲನ್ನು ಹಿಡಿದವನು ಎಡಕ್ಕೆ, ಬಲಕ್ಕೆ, ಹಿಂದಕ್ಕೆ, ಮುಂದಕ್ಕೆ ಸರಿಯುತ್ತ ಅಂತರವು ಸೊನ್ನೆಯಾದಲ್ಲಿ ನಿಲ್ಲುತ್ತಾನೆ. ಅಲ್ಲಿಯೇ ಗೂಟ.

ಯಂತ್ರವು ಸುಳ್ಳಾಡದು ನಿಜ. ಆದರೆ ಸುಳ್ಳು ಕಲ್ಲಿನಿಂದ ಹೊರಟರೆ ಅದು ಬಹು ಸೂಕ್ಷ್ಮವಾಗಿ ಸುಳ್ಳನ್ನೇ ಅಳೆಯುವದು! ನೂರು ಮೀಟರ ದೂರದ ದಿಕ್ಕಿನ ಕಲ್ಲನ್ನು ಯಾರೋ ಒಂದು ಮೀಟರ ಪಕ್ಕಕ್ಕೆ ಸರಿಸಿದ್ದರೆ, ಮುನ್ನೂರು ಮೀಟರ ದೂರದ ಗೂಟವು ಮೂರು ಮೀಟರ ತಪ್ಪುವದು. ಆ ಗಡಿಗುಂಟ ಕಳೆದುಹೋಗುವ ಭೂಮಿ ನಾಲ್ಕು ಗುಂಟೆಗೂ ಹೆಚ್ಚು. ಇನ್ನೂ ವಿಚಿತ್ರವೆಂದರೆ, ಗೂಟಗಳೆಲ್ಲ ಕೂಡಿಯೇ ತಿರುಗಿರುವದರಿಂದ ಅವುಗಳ ಪರಸ್ಪರ ದೂರವನ್ನು ಎಷ್ಟು ಸಾರೆ ಅಳೆದರೂ ಸರಿಯೇ ಬರುವದು. ಮೂರನೆಯ ಹಳೆಯ ಕಲ್ಲೊಂದನ್ನು ನೋಡಿದಾಗಲೇ ದೋಷವು ಬಯಲಿಗೆ ಬರುವದು. ಉಪಗ್ರಹವನ್ನು ನಂಬುವ ರೋವರಿಗೂ ಇದೇ ಮಾತು: ಹಳೆಯ ಟಿಪ್ಪಣಿಯಲ್ಲಿರುವದು ಸರಪಳಿ, ಆಣೆಗಳ ಲೆಕ್ಕ. ಆ ಲೆಕ್ಕಕ್ಕೂ ಆಕಾಶದ ಲೆಕ್ಕಕ್ಕೂ ಗಂಟು ಹಾಕುವವು ನೆಲದಲ್ಲಿ ಉಳಿದ ಕಲ್ಲುಗಳೇ.

1964ರ ಕರ್ನಾಟಕ ಭೂಕಂದಾಯ ಕಾಯ್ದೆಯು ಗಡಿಗುರುತುಗಳನ್ನು ಕಾಯುವ ಹೊಣೆಯನ್ನು ಭೂಮಿಯ ಒಡೆಯನ ಮೇಲೆಯೇ ಇರಿಸಿದೆ. ಹೀಗಿರುವಾಗ ನೇಗಿಲಿಗೆ ತೊಡಕೆಂದು ಕಲ್ಲನ್ನು ಕೀಳುವವನು ನೆರೆಯವನಿಗಷ್ಟೇ ಅಲ್ಲ, ತನ್ನ ಮಕ್ಕಳಿಗೂ ದ್ರೋಹ ಬಗೆಯುತ್ತಾನೆ.

ಹೊಲದಲ್ಲಿ ಯಂತ್ರವನ್ನು ಹೂಡಿದಾಗ ರೈತ ಬಾಂಧವರು ದೂರ ನಿಂತು ನೋಡುವದು ಸಾಲದು. ಯಾವ ಕಲ್ಲುಗಳಿಂದ ಆರಂಭಿಸಿದಿರಿ? ಯಾವ ಮೂರನೆಯ ಕಲ್ಲಿಗೆ ತಾಳೆ ನೋಡಿದಿರಿ? ಗೂಟ ನೆಟ್ಟ ಬಳಿಕ ಮತ್ತೆ ಅಳೆದಿರಾ? ಈ ಮೂರು ಪ್ರಶ್ನೆಗಳನ್ನು ನೆರೆಯವರ ಸಮಕ್ಷಮ, ವಿನಯದಿಂದ ಕೇಳಬೇಕು. ಸರಕಾರವೂ ಇವುಗಳ ಉತ್ತರವನ್ನು ನಕ್ಷೆಯ ಮೇಲೆ ಸರಳ ಕನ್ನಡದಲ್ಲಿ ಬರೆಯಿಸಿ ರೈತನ ಕೈಗೆ ಕೊಡತಕ್ಕದ್ದು. ತನ್ನ ಹೊಲದ ಗಡಿಯನ್ನು ತಾನೇ ಓದಿ ತಿಳಿಯಲಾರದವನಿಗೆ ಸ್ವರಾಜ್ಯವು ಇನ್ನೂ ಪೂರ್ಣವಾಗಿ ದೊರೆತಿಲ್ಲವೆಂದೇ ನಮ್ಮ ಸ್ಪಷ್ಟ ಅಭಿಪ್ರಾಯ.