ಎಳನೀರು ಕುಡಿಯಬಹುದೇ?

ಮದ್ದೂರಿನ ಮಾರುಕಟ್ಟೆಯಿಂದ ಕೆಂಗೇರಿಯನ್ನು ದಾಟಿ ಬರುವ ಎಳನೀರು ರಾಜಾಜಿನಗರದ ಬೀದಿಬೀದಿಗಳಲ್ಲಿಯೂ ದೊರೆಯುತ್ತದೆ. ರೋಗಿಯನ್ನು ನೋಡಲು ಬರುವವರು ಅದನ್ನು ಹಿಡಿದು ಬರುವುದು ನಮ್ಮಲ್ಲಿ ವಾಡಿಕೆ. ಹೃದ್ರೋಗದ ವಾರ್ಡಿನ ಜಾಣ ದಾದಿಯು ಮಾತ್ರ ಮೊದಲು ಔಷಧದ ಪಟ್ಟಿಯನ್ನು ನೋಡುತ್ತಾಳೆ. ಏಕೆ?

ನಮ್ಮ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಒಂದೂವರೆ ಲೀಟರಿನಷ್ಟನ್ನು ಹೊರಗೆ ಬಿಡುತ್ತವೆ. ಮಿಕ್ಕುದೆಲ್ಲ ರಕ್ತಕ್ಕೆ ಮರಳುತ್ತದೆ. ಉಪ್ಪು ಮರಳಿದರೆ ನೀರು ಅದನ್ನು ಹಿಂಬಾಲಿಸುತ್ತದೆ. ಫ್ಯೂರೊಸೆಮೈಡ್ ಎಂಬ ಮೂತ್ರವರ್ಧಕವು ಉಪ್ಪಿನ ಈ ದಾರಿಯನ್ನೇ ಕಟ್ಟುತ್ತದೆ. ಹೃದಯ ಸೋತು ಕಾಲಿನಲ್ಲಿಯೂ ಶ್ವಾಸಕೋಶದಲ್ಲಿಯೂ ನಿಂತ ನೀರು ಹೀಗೆ ಇಳಿಯುತ್ತದೆ. ಬೆಳಗಿನ ತೂಕವೇ ಅದರ ಲೆಕ್ಕ: ಒಂದು ಕಿಲೋ ಇಳಿದರೆ ಹೆಚ್ಚುಕಡಿಮೆ ಒಂದು ಲೀಟರ್ ಹೋಯಿತೆಂದು ತಿಳಿಯಬೇಕು. ಮಾತ್ರೆಯನ್ನು ರಾತ್ರಿ ಕೊಟ್ಟರೆ ರೋಗಿಗೆ ನಿದ್ದೆಯಿಲ್ಲ!

ಆದರೆ ನೀರಿನೊಡನೆ ಪೊಟ್ಯಾಸಿಯಮ್ಮೂ ಹೊರಟುಹೋಗುತ್ತದೆ. ಅದು ಕುಗ್ಗಿದರೆ ಹೃದಯದ ಬಡಿತ ತಾಳ ತಪ್ಪುವುದು. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ. ಇಂಥವನಿಗೆ ವೈದ್ಯರು ಅದನ್ನು ಮಿತವಾಗಿ ಒಪ್ಪಿಯಾರು. ಸ್ಪೈರೊನೊಲ್ಯಾಕ್ಟೋನ್ ಎಂಬ ಇನ್ನೊಂದು ಮೂತ್ರವರ್ಧಕವಾದರೋ ಪೊಟ್ಯಾಸಿಯಮ್ಮನ್ನು ದೇಹದಲ್ಲಿಯೇ ಹಿಡಿದಿಡುತ್ತದೆ. ಅದನ್ನು ನುಂಗುವವನು, ಅದರಲ್ಲಿಯೂ ಮೂತ್ರಪಿಂಡ ಕೆಟ್ಟವನು, ಎಳನೀರನ್ನು ಕುಡಿಯುತ್ತ ಬಂದರೆ ಹೃದಯವೇ ನಿಂತುಹೋಗಬಹುದು. ಮನೆಯವರ ಬಾಯಲ್ಲಿ ಎರಡೂ ‘ನೀರಿನ ಮಾತ್ರೆ’ಯೇ.

ಅದೇ ರೋಗಿಗೆ ಸಾಮಾನ್ಯವಾಗಿ ಸ್ಟ್ಯಾಟಿನ್ ಕೂಡ ಇರುತ್ತದೆ. 1973ರಲ್ಲಿ ಜಪಾನಿನ ಅಕಿರಾ ಎಂಡೊ ಒಂದು ಬೂಷ್ಟಿನಲ್ಲಿ ಕಂಡ ವಸ್ತುವಿನ ಬಳಗವಿದು. ಯಕೃತ್ತು ಕೊಲೆಸ್ಟರಾಲನ್ನು ತಯಾರಿಸುವುದನ್ನು ತಗ್ಗಿಸುತ್ತದೆ. “ಸಿಸ್ಟರ್, ತೊಡೆ ನೋಯುತ್ತದೆ” ಎಂದರೆ ವಯಸ್ಸಿನ ನೋವೆಂದು ತಳ್ಳಿಹಾಕಲಾಗದು. ಪೊಟ್ಯಾಸಿಯಂ ಕುಗ್ಗಿರಬಹುದು, ಅಪರೂಪಕ್ಕೆ, ಸ್ಟ್ಯಾಟಿನ್‌ನಿಂದ ಸ್ನಾಯುವೇ ಕರಗುತ್ತಿರಬಹುದು. ಮೂತ್ರ ಕಪ್ಪು ಚಹದ ಬಣ್ಣಕ್ಕೆ ತಿರುಗಿದೆಯೇ ಎಂದು ಕೇಳಿ, ಅವಳು ಆ ಕ್ಷಣವೇ ವೈದ್ಯರನ್ನು ಕರೆಯುತ್ತಾಳೆ.